ಗಡಿನಾಡಿನ ಕನ್ನಡಿಗರೂ ಸಂಘಟನೆಯ ಬಲವೂ

ನಮ್ಮ ಮಕ್ಕಳು ಆಗಾಗ ಒಂದು ಪ್ರಶ್ನೆ ಕೇಳುವುದುಂಟು. "ಮನ್ಯಾಗ ಮುತ್ಯಾ, ಆಯಿ ಎಲ್ಲಾರೂ ಕನ್ನಡ ಮಾತಾಡ್ತಾರ. ತಹಸೀಲ ಕಚೇರಿ ಬೋರ್ಡು ಮಾತ್ರ ಯಾಕ ತೆಲುಗಿನಾಗ ಅದ?" ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಸರಿಯಾದ ಉತ್ತರ ಹೇಳಬೇಕಾದರೆ ಇತಿಹಾಸ, ಕಾನೂನು, ಚುನಾವಣೆ ಈ ಮೂರನ್ನೂ ತಿಳಿದುಕೊಳ್ಳಬೇಕಾಗುತ್ತದೆ. ಜಹೀರಾಬಾದ, ನಾರಾಯಣಖೇಡ, ತಾಂಡೂರು ಎಂಬ ಮೂರು ಊರುಗಳ ಸುತ್ತಮುತ್ತಲಿನ ಕನ್ನಡಿಗರನ್ನು ಕಣ್ಣ ಮುಂದಿಟ್ಟುಕೊಂಡು ಈ ವಿಷಯವನ್ನು ಆದಷ್ಟು ಸರಳವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಕೂಡಿದ ದಿನವೇ ಅಗಲಿದ ದಿನ

ಹಿಂದಿನ ಹೈದರಾಬಾದ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದುವು. ಅವುಗಳಲ್ಲಿ ತೆಲುಗಿನವು ಎಂಟು, ಮರಾಠಿಯವು ಐದು, ಕನ್ನಡದವು ಮೂರು ಎಂದು ಲೆಕ್ಕ ಹಾಕುವುದು ವಾಡಿಕೆ. ಬೀದರ, ಗುಲಬರ್ಗಾ, ರಾಯಚೂರು ಇವೇ ಆ ಮೂರು ಕನ್ನಡ ಜಿಲ್ಲೆಗಳು. ಜಹೀರಾಬಾದ ಮತ್ತು ನಾರಾಯಣಖೇಡ ತಾಲೂಕುಗಳು ಆಗ ಬೀದರ ಜಿಲ್ಲೆಯಲ್ಲಿದ್ದುವು. ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಡಳಿತ ಕೊನೆಗೊಂಡು ಸಂಸ್ಥಾನವು ಭಾರತದಲ್ಲಿ ಸೇರಿದ ಮೇಲೂ ಎಂಟು ವರ್ಷ ಈ ವ್ಯವಸ್ಥೆಯೇ ನಡೆದು ಬಂತು.

1953ರ ಡಿಸೆಂಬರಿನಲ್ಲಿ ಭಾರತ ಸರಕಾರವು ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅದರ ಇನ್ನಿಬ್ಬರು ಸದಸ್ಯರು. 1955ರ ಸೆಪ್ಟೆಂಬರಿನಲ್ಲಿ ಆಯೋಗವು ತನ್ನ ವರದಿಯನ್ನು ಒಪ್ಪಿಸಿತು. ಆ ವರದಿಯಲ್ಲಿ ಇಡೀ ಬೀದರ ಜಿಲ್ಲೆಯನ್ನು ಹೈದರಾಬಾದ ರಾಜ್ಯದಲ್ಲಿಯೇ ಉಳಿಸಬೇಕೆಂಬ ಸಲಹೆಯಿತ್ತು ಎಂದರೆ ಇಂದಿನ ಮಕ್ಕಳಿಗೆ ಆಶ್ಚರ್ಯವಾಗಬಹುದು. ಕೊನೆಗೆ ಹಾಗಾಗಲಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾನೂನು ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿತು. ಬೀದರ, ಭಾಲ್ಕಿ, ಹುಮನಾಬಾದ ಮೊದಲಾದವು ಮೈಸೂರು ರಾಜ್ಯಕ್ಕೆ ಬಂದುವು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ನಾರಾಯಣಖೇಡ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ನಿರ್ಣಾ ವೃತ್ತವೊಂದನ್ನು ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಇಷ್ಟೂ ಆಂಧ್ರಪ್ರದೇಶದ ಪಾಲಾದುವು. ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳಿಗೂ, ರಾಯಚೂರು ಜಿಲ್ಲೆಯ ಆಲಂಪುರ ಮತ್ತು ಗದ್ವಾಲ ತಾಲೂಕುಗಳಿಗೂ ಇದೇ ಗತಿಯಾಯಿತು.

1956ರ ನವೆಂಬರ್ 1 ಕನ್ನಡ ನಾಡು ಒಂದುಗೂಡಿದ ಶುಭದಿನ. ಆದರೆ ಗಡಿಯ ಆಚೆಗೆ ಉಳಿದ ಕನ್ನಡಿಗರಿಗೆ ಅದೇ ದಿನ ತವರಿನಿಂದ ಅಗಲಿದ ದಿನವೂ ಆಯಿತು. ನಿನ್ನೆಯವರೆಗೆ ಜಿಲ್ಲೆಯ ಕೆಲಸಕ್ಕೆ ಬೀದರಕ್ಕೆ ಬಸ್ಸು ಹತ್ತುತ್ತಿದ್ದವರು ಮರುದಿನ ಸಂಗಾರೆಡ್ಡಿಯ ದಾರಿ ಹಿಡಿಯಬೇಕಾಯಿತು. ಜಹೀರಾಬಾದದಿಂದ ಬೀದರಕ್ಕೆ ಸುಮಾರು 30 ಕಿಲೋಮೀಟರು ಮಾತ್ರ. ಬೀಗತನ, ಸಂತೆ, ಜಾತ್ರೆ ಯಾವುದೂ ನಿಲ್ಲಲಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಇಂದಿಗೂ ಮೂರು ರಾಜ್ಯಗಳ ಜನ ಬರುತ್ತಾರೆ. ನಿಂತದ್ದು ಒಂದೇ, ಸರಕಾರ ಮತ್ತು ಪ್ರಜೆಯ ನಡುವಿನ ಕನ್ನಡದ ಮಾತು.

2014ರ ಜೂನ್ 2ರಂದು ತೆಲಂಗಾಣ ರಾಜ್ಯ ಉದಯವಾಯಿತು. 2016ರಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದಾಗ ಜಹೀರಾಬಾದ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೆ ಸೇರಿದುವು. ತಾಂಡೂರು ವಿಕಾರಾಬಾದ ಜಿಲ್ಲೆಗೆ ಸೇರಿತು. ರಾಜ್ಯ ಬದಲಾಯಿತು, ಜಿಲ್ಲೆ ಬದಲಾಯಿತು. ಗಡಿನಾಡ ಕನ್ನಡಿಗರು ಅಲ್ಪಸಂಖ್ಯಾತರು ಎಂಬ ಮಾತು ಮಾತ್ರ ಬದಲಾಗಲಿಲ್ಲ.

ಕಾನೂನು ಏನು ಹೇಳುತ್ತದೆ?

ಭಾಷಾವಾರು ರಾಜ್ಯಗಳನ್ನು ಎಷ್ಟೇ ಜಾಣತನದಿಂದ ರಚಿಸಿದರೂ ಗಡಿಯಲ್ಲಿ ಒಂದಿಷ್ಟು ಜನ ಪರಭಾಷೆಯ ರಾಜ್ಯದಲ್ಲಿ ಉಳಿದೇ ಉಳಿಯುತ್ತಾರೆ. ಗೆರೆಯನ್ನು ನೇರವಾಗಿ ಎಳೆಯಬಹುದು, ಆದರೆ ಜನ ಗೆರೆಯ ಪ್ರಕಾರ ವಾಸಿಸುವುದಿಲ್ಲ. ಇದನ್ನು ತಿಳಿದೇ 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯನ್ನು ತಂದು 350-ಎ ಮತ್ತು 350-ಬಿ ಎಂಬ ಎರಡು ವಿಧಿಗಳನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯುವ ಅನುಕೂಲತೆಯನ್ನು ಪ್ರತಿಯೊಂದು ರಾಜ್ಯವೂ ಒದಗಿಸಲು ಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಇಂಥ ರಕ್ಷಣೆಗಳು ಜಾರಿಯಲ್ಲಿವೆಯೇ ಎಂದು ನೋಡಿ ರಾಷ್ಟ್ರಪತಿಗಳಿಗೆ ವರದಿ ಮಾಡಲು ಒಬ್ಬ ಅಧಿಕಾರಿಯಿರಬೇಕೆಂದು ಎರಡನೆಯದು ಹೇಳುತ್ತದೆ. ಅದರಂತೆ 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ ಸ್ಥಾಪನೆಯಾಯಿತು. ಇದಲ್ಲದೆ 29 ಮತ್ತು 30ನೆಯ ವಿಧಿಗಳು ನಮ್ಮ ಭಾಷೆಯನ್ನು ಉಳಿಸಿಕೊಳ್ಳುವ ಹಕ್ಕನ್ನೂ, ನಮ್ಮವೇ ಆದ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕನ್ನೂ ಕೊಟ್ಟಿವೆ. ತಮ್ಮ ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು 350ನೆಯ ವಿಧಿಯಿಂದ ಎಲ್ಲರಿಗೂ ಇದೆ.

ಈ ತತ್ವಗಳನ್ನು ಆಚರಣೆಗೆ ತರಲು ಕೆಲವು ಲೆಕ್ಕಗಳನ್ನು ಗೊತ್ತುಮಾಡಿದ್ದಾರೆ. ಅವುಗಳನ್ನು ಪಾಲಕರು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಒಂದು ಪ್ರಾಥಮಿಕ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ತಮ್ಮ ಭಾಷೆಯಲ್ಲಿ ಕಲಿಯಬಯಸಿದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. ಇದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನದಲ್ಲಿಯೇ ಆದ ತೀರ್ಮಾನ. ಪ್ರೌಢಶಾಲೆಯಲ್ಲಾದರೆ ಮೇಲಿನ ನಾಲ್ಕು ತರಗತಿಗಳಲ್ಲಿ ಒಟ್ಟು 60 ಮಕ್ಕಳು, ತರಗತಿಗೆ 15 ಮಕ್ಕಳು ಎಂಬ ಲೆಕ್ಕವಿದೆ. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡಾ 15 ಅಥವಾ ಹೆಚ್ಚು ಜನ ಒಂದು ಅಲ್ಪಸಂಖ್ಯಾತ ಭಾಷೆಯವರಾಗಿದ್ದರೆ ಅಲ್ಲಿ ಮುಖ್ಯವಾದ ನಿಯಮ, ನೋಟೀಸುಗಳನ್ನು ಆ ಭಾಷೆಯಲ್ಲಿಯೂ ಪ್ರಕಟಿಸಬೇಕು. ಜಿಲ್ಲೆಯಲ್ಲಿ ಶೇಕಡಾ 60 ದಾಟಿದರೆ ಆ ಭಾಷೆಯನ್ನು ಜಿಲ್ಲೆಯ ಹೆಚ್ಚುವರಿ ಆಡಳಿತ ಭಾಷೆಯಾಗಿ ಪರಿಗಣಿಸಬೇಕು. ಸರಕಾರಿ ನೌಕರಿಗೆ ಸೇರುವಾಗಲೇ ರಾಜ್ಯಭಾಷೆ ಬರಲೇಬೇಕೆಂದು ಹಟ ಹಿಡಿಯದೆ, ಪರೀಕ್ಷಾವಧಿ ಮುಗಿಯುವುದರೊಳಗೆ ಕಲಿಯಲು ಅವಕಾಶ ಕೊಡಬೇಕು.

ಓದುವಾಗ ಎಲ್ಲವೂ ಚೆನ್ನಾಗಿದೆ. ಆದರೆ ಸೂಕ್ಷ್ಮವಾಗಿ ನೋಡಿರಿ, ಪ್ರತಿಯೊಂದು ರಕ್ಷಣೆಯ ಹಿಂದೆಯೂ ಒಂದು ಸಂಖ್ಯೆ ನಿಂತಿದೆ: 10, 15, 40, 60. ಕೇಳುವವರು ಎಷ್ಟು ಮಂದಿ, ಅವರ ಹೆಸರು ಯಾವ ಪುಸ್ತಕದಲ್ಲಿದೆ, ಅವರ ಭಾಷೆ ಯಾವ ಕಾಲಮಿನಲ್ಲಿದೆ ಎಂದು ಸರಕಾರ ಕೇಳುತ್ತದೆ. ಉತ್ತರ ಹೇಳುವವರಿಲ್ಲದಿದ್ದರೆ ಕಾನೂನು ಕಪಾಟಿನಲ್ಲಿಯೇ ಉಳಿಯುತ್ತದೆ. ಒಬ್ಬ ರೈತನಾಗಲಿ, ಒಬ್ಬ ತಾಯಿಯಾಗಲಿ ಈ ಲೆಕ್ಕವನ್ನು ಒಬ್ಬಂಟಿಯಾಗಿ ಒಪ್ಪಿಸಲಾರರು. ಆದುದರಿಂದಲೇ ಸಂಘ ಬೇಕು.

ಕನ್ನಡ ಶಾಲೆ ಹೇಗೆ ಮುಚ್ಚುತ್ತದೆ?

ಯಾವ ಅಧಿಕಾರಿಯೂ ಒಂದು ಬೆಳಗ್ಗೆ ಬಂದು ಕನ್ನಡ ಶಾಲೆಗೆ ಬೀಗ ಹಾಕುವುದಿಲ್ಲ. ಅದು ನಡೆಯುವ ರೀತಿಯೇ ಬೇರೆ. ಗಡಿಯ ಒಂದು ಹಳ್ಳಿಯ ಶಾಲೆಯಲ್ಲಿ ಕನ್ನಡ ವಿಭಾಗವಿದೆ, ಅದಕ್ಕೆ ಇಬ್ಬರು ಶಿಕ್ಷಕರಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರು ನಿವೃತ್ತರಾಗುತ್ತಾರೆ, ಅವರ ಜಾಗ ಖಾಲಿ ಉಳಿಯುತ್ತದೆ. ಉಳಿದ ಒಬ್ಬರೇ ಐದು ತರಗತಿಗಳನ್ನು ನೋಡಬೇಕಾಗುತ್ತದೆ. ಕಲಿಕೆ ಸಡಿಲವಾಗುತ್ತದೆ. ಪಾಲಕರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಮಾಧ್ಯಮಕ್ಕೋ ತೆಲುಗು ಮಾಧ್ಯಮಕ್ಕೋ ಕಳಿಸುತ್ತಾರೆ. ಅವರನ್ನು ದೂರುವಂತಿಲ್ಲ, ಮಗುವಿನ ಒಂದು ವರ್ಷ ಹಾಳಾದರೆ ಅದನ್ನು ಮರಳಿ ಕೊಡುವವರು ಯಾರು? ತರಗತಿಯ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ವಿಭಾಗವನ್ನು ಮುಚ್ಚಿದರೆ ಅದು ನಿಯಮದ ಪ್ರಕಾರವೇ ಆಗಿರುತ್ತದೆ. ಅನ್ಯಾಯ ನಡೆದದ್ದು ಮುಚ್ಚಿದ ದಿನವಲ್ಲ. ಶಿಕ್ಷಕರ ಜಾಗ ಖಾಲಿಯಾದ ದಿನ. ಆ ದಿನ ಯಾರೂ ಕೇಳಲಿಲ್ಲ.

ಕೇಳುವವರಿದ್ದಿದ್ದರೆ ಏನಾಗುತ್ತಿತ್ತು? ಶಾಲೆ ಪ್ರಾರಂಭವಾಗುವ ಮೊದಲೇ ಕನ್ನಡದಲ್ಲಿ ಕಲಿಯಬಯಸುವ ಮಕ್ಕಳ ಹೆಸರುಗಳನ್ನು ಮುಂಗಡ ನೋಂದಣಿ ಪುಸ್ತಕದಲ್ಲಿ ಬರೆಸಬಹುದಿತ್ತು. ಇಂಥ ಪುಸ್ತಕ ಇಡಬೇಕೆಂಬುದೂ ಒಪ್ಪಿತವಾದ ರಕ್ಷಣೆಗಳಲ್ಲಿ ಒಂದು. ಒಂದು ಶಾಲೆಯಲ್ಲಿ ಆರು, ಪಕ್ಕದ ಶಾಲೆಯಲ್ಲಿ ಐದು ಮಕ್ಕಳಿದ್ದರೆ ಕೂಡಿಸಿ ತೋರಿಸಬಹುದಿತ್ತು. ಶಿಕ್ಷಕರ ಜಾಗ ಎಂದಿನಿಂದ ಖಾಲಿಯಿದೆ ಎಂದು 2005ರ ಮಾಹಿತಿ ಹಕ್ಕು ಕಾನೂನಿನ ಪ್ರಕಾರ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನಗಳಲ್ಲಿ ಲಿಖಿತ ಉತ್ತರ ಸಿಗುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾನೂನು ಕೂಡಾ ಆದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕೆಂದೇ ಹೇಳುತ್ತದೆ.

ಸಂಘ ಕಟ್ಟುವುದು ನಮಗೆ ಹೊಸತಲ್ಲ

ನಿಜಾಮರ ಕಾಲದಲ್ಲಿ ಆಡಳಿತವೂ ಉನ್ನತ ಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದುವು. ಆಗ ಜನ ಕೈಕಟ್ಟಿ ಕೂಡಲಿಲ್ಲ. ತೆಲುಗರು ಆಂಧ್ರ ಮಹಾಸಭೆಯನ್ನು ಕಟ್ಟಿಕೊಂಡರು. ಅದರ ಮೊದಲ ಅಧಿವೇಶನ 1930ರಲ್ಲಿ ಜೋಗಿಪೇಟೆಯಲ್ಲಿ ಸುರವರಂ ಪ್ರತಾಪರೆಡ್ಡಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಈ ಜೋಗಿಪೇಟೆ ಇಂದು ಸಂಗಾರೆಡ್ಡಿ ಜಿಲ್ಲೆಯಲ್ಲಿಯೇ ಇದೆ. ಕನ್ನಡಿಗರು ಕರ್ನಾಟಕ ಪರಿಷತ್ತನ್ನು, ಮರಾಠಿಗರು ಮಹಾರಾಷ್ಟ್ರ ಪರಿಷತ್ತನ್ನು ಕಟ್ಟಿದರು. ಮೊದಲು ಗ್ರಂಥಾಲಯ, ಶಾಲೆ, ಭಾಷೆ ಎಂದು ಹೊರಟ ಈ ಸಂಘಗಳೇ ಮುಂದೆ ಜನರಿಗೆ ಸಭೆ ನಡೆಸುವುದನ್ನೂ, ಠರಾವು ಬರೆಯುವುದನ್ನೂ, ಹಕ್ಕು ಕೇಳುವುದನ್ನೂ ಕಲಿಸಿದುವು.

ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ಕತೆಯನ್ನು ಈ ಭಾಗದಲ್ಲಿ ತಿಳಿಯದವರಿಲ್ಲ. ಹೊರಗೆ ಉರ್ದು ಶಾಲೆಯೆಂದು ಬೋರ್ಡು, ಒಳಗೆ ಕನ್ನಡದ ಪಾಠ! 1999ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರು ಒಬ್ಬ ವ್ಯಕ್ತಿಯ ಸಂಕಲ್ಪ ಏನು ಮಾಡಬಲ್ಲದೆಂಬುದನ್ನು ತೋರಿಸಿದರು. ಆದರೆ ಪ್ರತಿ ಊರಿಗೂ ಒಬ್ಬ ಪಟ್ಟದ್ದೇವರು ಸಿಗಲಾರರು. ಅವರಿಲ್ಲದ ಊರಿನಲ್ಲಿ ನೂರು ಮಂದಿ ಸಾಮಾನ್ಯರು ಕೂಡಿ ಆ ಕೆಲಸವನ್ನು ಹೊರಬೇಕು.

ಕಾಸರಗೋಡಿನ ಕನ್ನಡಿಗರದು ಇನ್ನೊಂದು ಪಾಠ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿಯವರು ಚುನಾವಣೆಯನ್ನೇ ತಮ್ಮ ದನಿಯಾಗಿ ಮಾಡಿಕೊಂಡರು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. 1960 ಮತ್ತು 1967ರಲ್ಲಿ ಅಲ್ಲಿಂದಲೇ ಕೆ. ಮಹಾಬಲ ಭಂಡಾರಿಯವರು ಗೆದ್ದರು. 1967ರಲ್ಲಿ ಕಾಸರಗೋಡಿನಿಂದ ಯು. ಪಿ. ಕುಣಿಕುಳ್ಳಾಯರು ಆರಿಸಿ ಬಂದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರು ವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಆದರೆ ಹೋರಾಟ ವ್ಯರ್ಥವಾಯಿತೆನ್ನುವಂತಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿತು. ಗಡಿ ಸರಿಯಲಿಲ್ಲ, ಹಕ್ಕು ಬಂತು.

ಮಹಾಜನ ಆಯೋಗದ ಕೆಲಸ ಮಹಾರಾಷ್ಟ್ರ, ಮೈಸೂರು, ಕೇರಳಗಳ ಗಡಿಗೆ ಸೀಮಿತವಾಗಿತ್ತು. ಜಹೀರಾಬಾದ, ತಾಂಡೂರುಗಳ ಪ್ರಶ್ನೆ ಅದರ ಮುಂದೆ ಇರಲಿಲ್ಲ. ಆದುದರಿಂದ ಈ ಭಾಗದ ಕನ್ನಡಿಗರಿಗೆ ಉಳಿದಿರುವ ದಾರಿ ಗಡಿಯನ್ನು ಸರಿಸುವುದಲ್ಲ. ಇರುವ ರಾಜ್ಯದಲ್ಲಿಯೇ ಸಮನಾದ ಪ್ರಜೆಗಳಾಗಿ ಬಾಳುವುದು.

ಸಮುದ್ರದಾಚೆಯ ಒಂದು ಊರು

ಅಮೆರಿಕದ ಊರುಗಳಲ್ಲಿ 'ರಾಜಕೀಯ ಕ್ಲಬ್ಬು' ಎಂಬ ಒಂದು ವಾಡಿಕೆಯಿದೆ. ಅದು ದೊಡ್ಡ ಪಕ್ಷವಲ್ಲ. ಒಂದು ಪೇಟೆಯ ಜನ ತಿಂಗಳಿಗೊಮ್ಮೆ ಕೂಡಿ, ಮತದಾರರ ಹೆಸರು ಬರೆಸಿ, ಚುನಾವಣೆಗೆ ನಿಂತವರನ್ನು ಕರೆದು ಪ್ರಶ್ನೆ ಕೇಳಿ, ಯಾರನ್ನು ಬೆಂಬಲಿಸಬೇಕೆಂದು ನಿರ್ಧರಿಸುವ ಸಂಘ. ಸ್ಪ್ಯಾನಿಷ್ ಮಾತಾಡುವ ಮೆಕ್ಸಿಕೋ ಮೂಲದ ಜನರು ಇಂಥ ಸಂಘಟನೆಯಿಂದ ತಮ್ಮ ಊರಿನ ಚಿತ್ರವನ್ನೇ ಬದಲಿಸಿದ್ದುಂಟು.

ಟೆಕ್ಸಾಸ್ ರಾಜ್ಯದಲ್ಲಿ ಕ್ರಿಸ್ಟಲ್ ಸಿಟಿ ಎಂಬ ಸಣ್ಣ ಊರಿದೆ. ಅಲ್ಲಿ ಮೆಕ್ಸಿಕೋ ಮೂಲದವರೇ ಬಹುಸಂಖ್ಯಾತರು. ಆದರೂ 1969ರವರೆಗೆ ಶಾಲಾ ಮಂಡಳಿಯಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ. ಆಟದ ಸಮಯದಲ್ಲಿ ತಂಡವನ್ನು ಹುರಿದುಂಬಿಸುವ ಹುಡುಗಿಯರ ಗುಂಪಿಗೆ ಅವರ ಮಕ್ಕಳಲ್ಲಿ ಒಬ್ಬಳನ್ನು ಮಾತ್ರ ಆರಿಸುವ ಪದ್ಧತಿಯಿತ್ತು. ಇದು ಚಿಕ್ಕ ಸಂಗತಿಯಂತೆ ಕಾಣುತ್ತದೆ. ಆದರೆ ಆ ಚಿಕ್ಕ ಸಂಗತಿಯಲ್ಲಿಯೇ ದೊಡ್ಡ ಅನ್ಯಾಯ ಮಕ್ಕಳ ಕಣ್ಣಿಗೆ ಬಿತ್ತು. 1969ರ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರಬಂದರು. ತಮ್ಮ ಭಾಷೆಗೆ, ತಮ್ಮ ಇತಿಹಾಸಕ್ಕೆ ಶಾಲೆಯಲ್ಲಿ ಸ್ಥಾನ ಬೇಕೆಂದು ಕೇಳಿದರು. ತಂದೆತಾಯಿಗಳು ಅವರ ಬೆನ್ನಿಗೆ ನಿಂತರು. ಹೋಸೆ ಏಂಜೆಲ್ ಗುಟಿಯೆರೆಸ್ ಮೊದಲಾದ ತರುಣರು 'ಲಾ ರಾಸಾ ಉನಿಡಾ' ಎಂಬ ಪಕ್ಷವನ್ನು ಕಟ್ಟಿದರು. 1970ರ ಏಪ್ರಿಲ್ ಚುನಾವಣೆಯಲ್ಲಿ ಅದರವರು ಶಾಲಾ ಮಂಡಳಿಗೂ ಪುರಸಭೆಗೂ ಆಯ್ಕೆಯಾದರು. ಅರ್ಜಿ ಹಿಡಿದು ಬಾಗಿಲಲ್ಲಿ ನಿಂತವರು ಅರ್ಜಿಯನ್ನು ಓದುವ ಕುರ್ಚಿಗೆ ಬಂದರು.

ಮುಂದೆ ಆ ಪಕ್ಷ ಬಹಳ ಕಾಲ ಬಾಳಲಿಲ್ಲ. ಆದರೆ ಕೆಲಸ ನಿಲ್ಲಲಿಲ್ಲ. 1974ರಲ್ಲಿ ವಿಲ್ಲಿ ವೆಲಾಸ್ಕೆಸ್ ಎಂಬವರು ಮತದಾರರ ನೋಂದಣಿಗಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ನಿಮ್ಮ ಮತವೇ ನಿಮ್ಮ ದನಿ ಎಂಬುದು ಅದರ ಘೋಷಣೆ. 1975ರಲ್ಲಿ ಅಮೆರಿಕದ ಮತದಾನ ಹಕ್ಕಿನ ಕಾನೂನಿಗೆ ತಿದ್ದುಪಡಿಯಾಗಿ, ಭಾಷಾ ಅಲ್ಪಸಂಖ್ಯಾತರು ಗೊತ್ತಾದ ಪ್ರಮಾಣಕ್ಕಿಂತ ಹೆಚ್ಚಿರುವ ಕಡೆ ಅವರ ಭಾಷೆಯಲ್ಲಿಯೂ ಮತಪತ್ರ ಒದಗಿಸಬೇಕೆಂದಾಯಿತು. ಅಲ್ಲಿಯೂ ಸಂಖ್ಯೆಯೇ ಆಧಾರ ಎಂಬುದನ್ನು ಗಮನಿಸಿರಿ.

ನಮ್ಮ ಸಂಘ ಏನು ಮಾಡಬೇಕು?

ಗಡಿನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ ಆಚರಿಸುತ್ತವೆ, ನಾಟಕ ಆಡಿಸುತ್ತವೆ, ಹಿರಿಯರಿಗೆ ಶಾಲು ಹೊದಿಸುತ್ತವೆ. ಇವೆಲ್ಲ ಬೇಕಾದುವೇ. ಆದರೆ ನವೆಂಬರಿನಲ್ಲಿ ಮಾತ್ರ ಎಚ್ಚರವಾಗುವ ಸಂಘದಿಂದ ಶಿಕ್ಷಕರ ಜಾಗ ತುಂಬುವುದಿಲ್ಲ. ಉಳಿದ ಹನ್ನೊಂದು ತಿಂಗಳು ಮಾಡಬೇಕಾದ ಕೆಲಸ ನಾಲ್ಕು ಬಗೆಯದು.

ಮೊದಲನೆಯದು ಜನಗಣತಿ. 2011ರ ನಂತರ ಆಗಬೇಕಾಗಿದ್ದ ಗಣತಿ ಮುಂದೆ ಹೋಗಿ ಈಗ 2027ಕ್ಕೆ ಗೊತ್ತಾಗಿದೆ. ಗಣತಿಯ ನಿಯಮದ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ಅದು ಊರಿನ ಭಾಷೆಯಲ್ಲ, ಕಚೇರಿಯ ಭಾಷೆಯಲ್ಲ. ಮನೆಯ ಬಾಗಿಲಲ್ಲಿ ನಡೆಯುವ ಮಾತುಕತೆ ಹೆಚ್ಚಾಗಿ ಹೀಗಿರುತ್ತದೆ. ಗಣತಿದಾರರು ತೆಲುಗಿನಲ್ಲಿ ಕೇಳುತ್ತಾರೆ, ಮನೆಯವರು ತೆಲುಗಿನಲ್ಲಿಯೇ ಉತ್ತರ ಕೊಡುತ್ತಾರೆ. ಭಾಷೆಯ ಕಾಲಮಿನಲ್ಲಿಯೂ ಸಹಜವಾಗಿ ತೆಲುಗು ಬೀಳುತ್ತದೆ. ಆಗ ಒಳಗಿನಿಂದ ಆಯಿ ಒಂದು ಮಾತು ಹೇಳಿದರೆ ಸಾಕು: "ತೆಲುಗು ಬರ್ತದರಿ ನಮಗ, ಖರೆ ಮನಿ ಮಾತು ಕನ್ನಡ ಅದ. ಹಂಗೇ ಬರಕೋರಿ." ತಿಳಿದಿರುವ ಬೇರೆ ಎರಡು ಭಾಷೆಗಳನ್ನು ಬರೆಸಲು ಬೇರೆ ಕಾಲಮು ಇದೆ, ತೆಲುಗಿಗೆ ಅಲ್ಲಿ ಗೌರವದ ಸ್ಥಾನ ಸಿಗುತ್ತದೆ. ಸಂಘದವರು ಗಣತಿಗೆ ಮೊದಲು ಮನೆಮನೆಗೆ ಹೋಗಿ ಇಷ್ಟನ್ನು ತಿಳಿಸಿದರೆ ಮುಂದಿನ ವರ್ಷಗಳ ಅರ್ಜಿಗಳಿಗೆಲ್ಲ ಅದೇ ಬುನಾದಿ.

ಎರಡನೆಯದು ಮತದಾರರ ಪಟ್ಟಿ. ಮತದಾನದ ವಯಸ್ಸನ್ನು ಮೊದಲು ಜನವರಿ 1ಕ್ಕೆ ಮಾತ್ರ ಲೆಕ್ಕ ಹಾಕುತ್ತಿದ್ದರು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ, ಹೀಗೆ ವರ್ಷಕ್ಕೆ ನಾಲ್ಕು ಸಲ ಲೆಕ್ಕ ಹಾಕುತ್ತಾರೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಹೊಸ ಹೆಸರಿಗೆ 6ನೆಯ ನಮೂನೆ, ತಿದ್ದುಪಡಿಗೆ 8ನೆಯ ನಮೂನೆ. ಇಲ್ಲಿ ಇನ್ನೊಂದು ಸಂಗತಿ ಇದೆ. ಜಹೀರಾಬಾದ ಮತ್ತು ನಾರಾಯಣಖೇಡ ವಿಧಾನಸಭಾ ಕ್ಷೇತ್ರಗಳು 2009ರ ಚುನಾವಣೆಯಿಂದ ಜಹೀರಾಬಾದ ಲೋಕಸಭಾ ಕ್ಷೇತ್ರದಲ್ಲಿವೆ. ತಾಂಡೂರು ಚೇವೆಳ್ಳ ಲೋಕಸಭಾ ಕ್ಷೇತ್ರದಲ್ಲಿದೆ. ಒಂದೇ ಮಾತಾಡುವ ಜನ ಎರಡು ಜಿಲ್ಲೆ, ಮೂರು ವಿಧಾನಸಭಾ ಕ್ಷೇತ್ರ, ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿದ್ದಾರೆ. ಯಾವ ಒಂದು ಕಡೆಯೂ ಅವರೇ ಗೆಲ್ಲಿಸಬಲ್ಲಷ್ಟು ದೊಡ್ಡವರಲ್ಲ. ಆದರೆ ಪೈಪೋಟಿ ಬಿಗಿಯಾದಾಗ ಕೂಡಿ ನಿಂತ ಕೆಲವು ಸಾವಿರ ಮತಗಳನ್ನು ಯಾವ ಅಭ್ಯರ್ಥಿಯೂ ಕಡೆಗಣಿಸಲಾರ. ಕೂಡಿ ನಿಲ್ಲುವುದೆಂದರೆ ಒಂದೇ ಪಕ್ಷಕ್ಕೆ ಮತ ಹಾಕಬೇಕೆಂದಲ್ಲ. ಎಲ್ಲ ಪಕ್ಷದವರಿಗೂ ಒಂದೇ ಬೇಡಿಕೆಯ ಪಟ್ಟಿಯನ್ನು ಕೊಟ್ಟು ಲಿಖಿತ ಉತ್ತರ ಕೇಳುವುದು.

ಮೂರನೆಯದು ಶಾಲೆ. ಶಿಕ್ಷಕರು, ಪಠ್ಯಪುಸ್ತಕ, ಪರೀಕ್ಷೆ ಈ ಮೂರನ್ನೂ ಪ್ರತಿ ವರ್ಷ ಜೂನ್ ತಿಂಗಳಿಗೆ ಮೊದಲೇ ವಿಚಾರಿಸಬೇಕು. 2018ರ ಕಾನೂನಿನಂತೆ ತೆಲಂಗಾಣದ ಎಲ್ಲ ಶಾಲೆಗಳಲ್ಲಿ ತೆಲುಗು ಕಡ್ಡಾಯ ವಿಷಯವಾಗಿದೆ. ಇದನ್ನು ನಾವು ಹಗೆಯೆಂದು ತಿಳಿಯಬೇಕಾಗಿಲ್ಲ. ನಾವಿರುವ ರಾಜ್ಯದ ಭಾಷೆ ಬಾರದ ಮಗು ಬಸ್ಸಿನ ಫಲಕ ಓದಲಾರದು, ನೌಕರಿಯನ್ನೂ ಗಳಿಸಲಾರದು. ಆದರೆ ತೆಲುಗನ್ನು ವಿಷಯವಾಗಿ ಕಲಿಯುವುದು ಬೇರೆ, ಕನ್ನಡ ಮಾಧ್ಯಮವನ್ನೇ ಕಳೆದುಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಒಪ್ಪಿ ಎರಡನೆಯದನ್ನು ತಡೆಯುವುದು ಸಂಘದ ಜಾಣತನ.

ನಾಲ್ಕನೆಯದು ಗಡಿಯ ಈಚೆಯ ಬಾಗಿಲು. 2012ರ ಸಂವಿಧಾನದ 98ನೆಯ ತಿದ್ದುಪಡಿಯಿಂದ 371-ಜೆ ವಿಧಿ ಬಂತು. ಹಿಂದುಳಿದ ಹೈದರಾಬಾದ ಕರ್ನಾಟಕದ, 2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ಭಾಗದ ಮಕ್ಕಳಿಗೆ ಶಿಕ್ಷಣ ಮತ್ತು ನೌಕರಿಗಳಲ್ಲಿ ಮೀಸಲಾತಿ ದೊರಕಿತು. ಬೀದರದ ಮಗುವಿಗೆ ಅದು ಉಂಟು. ಒಂದು ಕಾಲಕ್ಕೆ ಅದೇ ಬೀದರ ಜಿಲ್ಲೆಯಲ್ಲಿದ್ದ ನಾರಾಯಣಖೇಡದ ಮಗುವಿಗೆ ಇಲ್ಲ. ಗಡಿ ಅಡ್ಡ ಬರುತ್ತದೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗಾಗಿ ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಬೇರೆ ಷರತ್ತುಗಳಿವೆ. ಅವುಗಳನ್ನು ಆಯಾ ವರ್ಷದ ನಿಯಮಪುಸ್ತಕದಲ್ಲಿ ಓದಿ ಪಾಲಕರಿಗೆ ತಿಳಿಸುವ ಕೆಲಸ ಸಂಘದ್ದು. 2010ರ ಕಾನೂನಿನಿಂದ ಬಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, 1915ರಿಂದ ಇರುವ ಕನ್ನಡ ಸಾಹಿತ್ಯ ಪರಿಷತ್ತು ಇವುಗಳ ಬಾಗಿಲನ್ನೂ ತಟ್ಟಬೇಕು.

ಬೀಳಬಾರದ ಹಳ್ಳಗಳು

ಸಂಘಗಳು ಹೊರಗಿನವರಿಂದ ಕೆಡುವುದಕ್ಕಿಂತ ಒಳಗಿನಿಂದ ಕೆಡುವುದೇ ಹೆಚ್ಚು. ಒಂದೇ ಜಾತಿಯ ನಾಲ್ಕು ಮನೆಗಳ ಸಂಘವಾದರೆ ಉಳಿದ ಕನ್ನಡಿಗರು ದೂರ ಸರಿಯುತ್ತಾರೆ. ಹೊಲದ ಒಡೆಯನ ಮಾತು ಕನ್ನಡ, ಹೊಲದಲ್ಲಿ ಕಳೆ ತೆಗೆಯುವ ತಾಯಿಯ ಮಾತೂ ಕನ್ನಡ. ಮುಸಲ್ಮಾನರಲ್ಲಿ ಕನ್ನಡ ಬಲ್ಲವರಿದ್ದಾರೆ, ದಲಿತರ ಕೇರಿಗಳಲ್ಲಿ ಕನ್ನಡದ ಹಾಡುಗಳಿವೆ. ಸಭೆಯಲ್ಲಿ ಇವರೆಲ್ಲರಿಗೂ ಕುರ್ಚಿ ಇರಬೇಕು, ಹೆಣ್ಣುಮಕ್ಕಳಿಗೂ ಇರಬೇಕು. ಎಷ್ಟೆಂದರೂ ಮಾತೃಭಾಷೆ ತಾಯಿಯದು, ಅವಳನ್ನು ಹೊರಗಿಟ್ಟು ಅದನ್ನು ಉಳಿಸುವುದೆಂತು?

ಎರಡನೆಯ ಹಳ್ಳ ಪರಭಾಷಾ ದ್ವೇಷ. ತೆಲುಗರು ನಮ್ಮ ನೆರೆಯವರು, ಬೀಗರು, ಸಂತೆಯ ಗೆಳೆಯರು. ತೆಲಂಗಾಣದಲ್ಲಿ 2017ರಲ್ಲಿ ಉರ್ದುವಿಗೆ ಇಡೀ ರಾಜ್ಯದ ಎರಡನೆಯ ಆಡಳಿತ ಭಾಷೆಯ ಸ್ಥಾನ ಸಿಕ್ಕಿತು. ಒಂದು ಭಾಷೆಗೆ ಮನ್ನಣೆ ಕೊಟ್ಟರೆ ಇನ್ನೊಂದು ಭಾಷೆ ಬಡವಾಗುವುದಿಲ್ಲ. ಮತ್ತೊಂದು ಮಾತು. ಬೆಳಗಾವಿಯಲ್ಲಿ ಮರಾಠಿಗರು, ಪಾವಗಡ, ಕೋಲಾರದ ಕಡೆ ತೆಲುಗರು ಕರ್ನಾಟಕದ ಅಲ್ಪಸಂಖ್ಯಾತರಾಗಿದ್ದಾರೆ. ನಮಗಾಗಿ ಅಲ್ಲಿ ಕೇಳುವ ನ್ಯಾಯವನ್ನು ಅವರಿಗಾಗಿ ಇಲ್ಲಿ ಕೊಡಲು ನಾವು ಸಿದ್ಧರಿರಬೇಕು. ಒಂದೇ ತಕ್ಕಡಿಯಲ್ಲಿ ತೂಗಿದಾಗಲೇ ನಮ್ಮ ಮಾತಿಗೆ ತೂಕ ಬರುವುದು.

ಮೂರನೆಯ ಹಳ್ಳ ಲೆಕ್ಕವಿಲ್ಲದ ದುಡ್ಡು. ಐದು ರೂಪಾಯಿ ವಂತಿಗೆಗೂ ರಸೀದಿ ಕೊಟ್ಟು, ವರ್ಷಕ್ಕೊಮ್ಮೆ ಜಮಾಖರ್ಚನ್ನು ಸಭೆಯಲ್ಲಿ ಓದಿದರೆ ಸಂಘಕ್ಕೆ ಆಯುಷ್ಯ ಹೆಚ್ಚು.

ಮಕ್ಕಳಿಗೆ ಎರಡು ಮಾತು

ಪ್ರಿಯ ವಿದ್ಯಾರ್ಥಿಗಳೇ, ಇದೆಲ್ಲ ದೊಡ್ಡವರ ಕೆಲಸವೆಂದು ನೀವು ಪುಟ ತಿರುವಬೇಡಿ. ಅರ್ಜಿ ಬರೆಯಲು ಬಾರದ ಹಿರಿಯರು ಪ್ರತಿ ಮನೆಯಲ್ಲಿದ್ದಾರೆ. ನಿಮಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ, ಇಂಗ್ಲಿಷಿನ ನಾಲ್ಕಕ್ಷರವೂ ಬರುತ್ತದೆ. ಎರಡು ಭಾಷೆಗಳ ನಡುವೆ ಸೇತುವೆಯಾಗಬಲ್ಲ ಈ ವಿದ್ಯೆ ಗಡಿನಾಡಿನ ಮಕ್ಕಳಿಗೆ ಹುಟ್ಟಿನಿಂದ ಬಂದ ಆಸ್ತಿ. ಈ ರಜೆಯಲ್ಲಿ ಒಂದು ಕೆಲಸ ಮಾಡಿರಿ. ನಿಮ್ಮ ಓಣಿಯಲ್ಲಿ ಮುಂದಿನ ವರ್ಷ ಒಂದನೆಯ ತರಗತಿಗೆ ಸೇರಬೇಕಾದ ಮಕ್ಕಳು ಎಷ್ಟು, ಅವರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಎಷ್ಟು, ಯಾರ ಪಾಲಕರು ಕನ್ನಡದಲ್ಲಿ ಕಲಿಸಲು ಮನಸ್ಸುಳ್ಳವರು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹತ್ತು ಹೆಸರು ಸಿಕ್ಕರೆ ಅದನ್ನು ನಿಮ್ಮ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿರಿ.

ಪಾಲಕರಲ್ಲಿಯೂ ಒಂದು ವಿನಂತಿ. ಕನ್ನಡ ಶಾಲೆ ಉಳಿಯಬೇಕೆಂದು ಸಭೆಯಲ್ಲಿ ಚಪ್ಪಾಳೆ ತಟ್ಟಿ, ನಮ್ಮ ಮಗುವನ್ನು ಮಾತ್ರ ಬೇರೆ ಕಡೆ ಕಳಿಸಿದರೆ ಯಾವ ಸಂಘವೂ ಶಾಲೆಯನ್ನು ಉಳಿಸಲಾರದು. ಶಾಲೆ ಚೆನ್ನಾಗಿಲ್ಲವೆಂದಾದರೆ ಬಿಡಿಸುವ ಮೊದಲು ಒಮ್ಮೆ ಬಂದು ಕೇಳಿರಿ, ನಾಲ್ಕು ಜನ ಕೂಡಿ ಕೇಳಿರಿ. ಇತಿಹಾಸದ ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಹತ್ತನೆಯ ಹೆಸರನ್ನು ಬರೆಸುವುದು ನಮ್ಮ ಕೈಯಲ್ಲಿದೆ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಒಬ್ಬ ಕನ್ನಡ ಶಿಕ್ಷಕರಿದ್ದಾರೆಂಬುದನ್ನು ನಾವು ಮರೆಯದಿರೋಣ.